ಮಗುವಿನೊಡನೆ ಕಡಲಿಗೆ

ಪ್ರವಾಸಕ್ಕೆ ಹೊರಡುವ ಮುನ್ನ ಪಟ್ಟಿ ಮಾಡುವುದು ನನಗೆ ತಂದೆಯವರಿಂದ ಬಂದ ಅಭ್ಯಾಸ. ನೋಡಬೇಕಾದ ಸ್ಥಳಗಳು, ಅವುಗಳ ನಡುವಣ ದೂರ, ಒಂದೊಂದರಲ್ಲಿ ಕಳೆಯಬಹುದಾದ ಹೊತ್ತು, ಇವನ್ನೆಲ್ಲ ಹಾಳೆಯೊಂದರಲ್ಲಿ ಬರೆದು ಜೇಬಿಗೆ ಸೇರಿಸಿದರೆ ಪ್ರವಾಸ ಮುಕ್ಕಾಲು ಮುಗಿದಂತೆಯೇ ಎಂಬುದು ನಮ್ಮ ಮನೆಯ ಲೆಕ್ಕ. ಆದರೆ ಒಂದು ವರ್ಷ ಹತ್ತು ತಿಂಗಳ ಮಗು ಸಂಗಡ ಹೊರಟರೆ ಆ ಹಾಳೆಯ ಗತಿ ಏನಾಗುತ್ತದೆಂಬುದು ಹೋದ ಡಿಸೆಂಬರಿನವರೆಗೆ ನನಗೆ ತಿಳಿದಿರಲಿಲ್ಲ. ಮೊದಲನೆಯ ದಿನವೇ ಅದರ ಅರ್ಧ ಭಾಗ ಮಗಳ ಬಾಯಿ ಸೇರಿತು.

ಶಿವಮೊಗ್ಗದಿಂದ ಹೊರಟವರು ನಾಲ್ವರು: ನಾನು, ನನ್ನಾಕೆ, ಮಗಳು ಮತ್ತು ನನ್ನ ತಂದೆ. ತಂದೆಯವರಿಗೆ ಎಪ್ಪತ್ತೇಳು ವರ್ಷ. ಮೂವತ್ತು ವರ್ಷಗಳಿಗೂ ಮಿಕ್ಕಿ ಭೂಗೋಳದ ಪಾಠ ಹೇಳಿದವರು. ಈಚೆಗೆ ಎರಡು ವರ್ಷಗಳಿಂದ ಅವರ ನೆನಪು ಮಾಸುತ್ತಿದೆ. ಹಳೆಯದೆಲ್ಲ ಹಾಗೆಯೇ ಉಳಿದಿದೆ. ಬೆಳಗಿನ ಕಾಫಿ ಮಾತ್ರ ಮಧ್ಯಾಹ್ನಕ್ಕೆ ಮರೆತುಹೋಗುತ್ತದೆ. “ಇಂಥ ಇಬ್ಬರನ್ನು ಕಟ್ಟಿಕೊಂಡು ಪ್ರವಾಸವೆ? ಮಗುವಿಗಾದರೂ ನಾಳೆ ಏನು ನೆನಪಿದ್ದೀತು?” ಎಂದರು ನೆರೆಯವರು. ಮಾತು ಸುಳ್ಳಲ್ಲ. ಮೂರು ವರ್ಷ ತುಂಬುವ ಮುನ್ನ ಕಂಡದ್ದು ಬಹುಮಂದಿಗೆ ಮುಂದೆ ನೆನಪಿರುವುದಿಲ್ಲವೆಂದು ಮನಶ್ಶಾಸ್ತ್ರ ಬಲ್ಲವರೂ ಹೇಳುತ್ತಾರೆ.

ಆದರೂ ಹೊರಡಲು ಕಾರಣವಿತ್ತು. 1986ರಲ್ಲಿ, ಹೆಚ್ಚುಕಡಿಮೆ ಇದೇ ವಯಸ್ಸಿನ ನನ್ನನ್ನು ತಂದೆತಾಯಿಗಳು ಮಲ್ಪೆಗೆ ಕರೆದೊಯ್ದಿದ್ದರಂತೆ. “ಅಂತೆ” ಎಂದೇ ಹೇಳಬೇಕು. ಆ ಕಡಲಿನ ಒಂದು ಹನಿಯೂ ನನಗೆ ನೆನಪಿಲ್ಲ. ಮರಳನ್ನು ಹಿಡಿಹಿಡಿಯಾಗಿ ತಂದು ನೀರಿಗೆ ಸುರಿಯುತ್ತ, ಕಡಲು ತುಂಬಲೊಲ್ಲದೆಂದು ನಾನು ಅತ್ತೆನಂತೆ. ತಂದೆಯವರು ಹೇಳಿ ಹೇಳಿ ಆ ದಿನ ನನ್ನದಾಯಿತು. ಅಮ್ಮ ಈಗಿಲ್ಲ. ತಂದೆಯವರೂ ಮರೆತರೆ ಆ ದಿನಕ್ಕೆ ಸಾಕ್ಷಿಯೇ ಉಳಿಯದು.

ಆಗುಂಬೆಯ ಘಾಟಿಯಲ್ಲಿ ತಂದೆಯವರು ತಿರುವುಗಳನ್ನು ಗಟ್ಟಿಯಾಗಿ ಎಣಿಸತೊಡಗಿದರು. ಇರುವುದು 14. ಏಳಕ್ಕೆ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಮೊದಲುಮಾಡಿದರು. ಒಂಬತ್ತನೆಯದರಲ್ಲಿ ಮಗಳು ತಿಂದದ್ದನ್ನೆಲ್ಲ ನನ್ನ ಅಂಗಿಯ ಮೇಲೆ ಕಾರಿದಳು. ಉಡುಪಿಯಲ್ಲಿ ನಾವು ಸಾಲಿನಲ್ಲಿ ನಿಂತು, ಒಂಬತ್ತು ರಂಧ್ರಗಳ ಬೆಳ್ಳಿಯ ಕಿಂಡಿಯಲ್ಲಿ ಕೃಷ್ಣನನ್ನು ಕಂಡೆವು. ಮಗಳಿಗೆ ಮಧ್ವಸರೋವರದ ಮೀನುಗಳೇ ದೇವರು. ಅವುಗಳಿಂದ ಬಿಡಿಸಿ ತರುವಾಗ ಅವಳ ಅಳು ರಥಬೀದಿಗೆಲ್ಲ ಕೇಳಿರಬೇಕು. ಮರುದಿನ ಕಾರ್ಕಳ. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ, 42 ಅಡಿ ಎತ್ತರದ ಏಕಶಿಲೆಯ ಗೊಮ್ಮಟನ ಪಾದದ ಬಳಿ ಅವಳು ಕಂಡದ್ದು ಒಂದು ಇರುವೆಯ ಸಾಲು. ನಾನು ಅವಳ ಗಲ್ಲವನ್ನು ಹಿಡಿದು ಮೇಲಕ್ಕೆತ್ತುತ್ತೇನೆ. ಅವಳು ಮತ್ತೆ ಬಗ್ಗುತ್ತಾಳೆ. ಕೊನೆಗೆ ತಂದೆಯವರೂ ಅವಳ ಪಕ್ಕದಲ್ಲಿ ಕುಳಿತು ಇರುವೆಗಳನ್ನೇ ನೋಡತೊಡಗಿದರು. ಅವರಿಬ್ಬರಿಗೂ ಅವಸರವಿರಲಿಲ್ಲ. ಪಟ್ಟಿ ಇದ್ದದ್ದು ನನ್ನೊಬ್ಬನ ಬಳಿ.

ಮೂರನೆಯ ಬೆಳಗ್ಗೆ ಮಲ್ಪೆ. ಮೊದಲ ತೆರೆ ಕಾಲು ಸೋಕಿದಾಗ ಮಗಳು ಕಿರಿಚಿದಳು; ಎರಡನೆಯದಕ್ಕೆ ನಕ್ಕಳು; ಮೂರನೆಯದಕ್ಕೆ ಕೈಯಲ್ಲಿದ್ದ ಬಿಸ್ಕತ್ತನ್ನು ಕೊಟ್ಟಳು. ನನ್ನಾಕೆ ಮಗುವಿನ ಬಟ್ಟೆ ತರಲು ಹೋಗಿದ್ದಳು. ದ್ವೀಪಕ್ಕೆ ಹೋಗುವ ದೋಣಿಯ ಹೊತ್ತನ್ನು ವಿಚಾರಿಸಿ ಬರೋಣವೆಂದು, “ಮಗುವನ್ನು ನೋಡಿಕೊಳ್ಳಿ, ಈಗ ಬಂದೆ” ಎಂದು ತಂದೆಯವರಿಗೆ ಹೇಳಿ ನಾನು ಹೋದೆ.

ಮರಳಿ ಬಂದಾಗ ತಂದೆಯವರು ಒಬ್ಬರೇ ಕಡಲನ್ನು ನೋಡುತ್ತ ನಿಂತಿದ್ದರು.

“ಮಗು ಎಲ್ಲಿ?”

“ಯಾವ ಮಗು?”

ಆ ಎರಡು ಶಬ್ದಗಳ ಭಾರವನ್ನು ನಾನು ಬರೆದು ತಿಳಿಸಲಾರೆ. ಒದ್ದೆ ಮರಳಿನ ಮೇಲೆ ಅವಳ ಪುಟ್ಟ ಹೆಜ್ಜೆಗಳು ನೀರಿನ ಕಡೆಗೇ ಸಾಗಿದ್ದವು. ಮುಂದಿನದನ್ನು ತೆರೆ ಅಳಿಸಿತ್ತು. ಹೆಸರು ಹಿಡಿದು ಕೂಗುತ್ತ ಓಡಿದೆ. ಎಷ್ಟು ಹೊತ್ತೋ ಅರಿಯೆ. ಗಡಿಯಾರಕ್ಕೆ ನಾಲ್ಕೈದು ನಿಮಿಷವಿರಬಹುದು. ದಡಕ್ಕೆಳೆದಿಟ್ಟ ದೋಣಿಯೊಂದರ ಮರೆಯಿಂದ ಹೆಂಗಸೊಬ್ಬಳು ಕೈಬೀಸಿ, “ಬಾಲೆ ಮೂಲು ಉಂಡು!” ಎಂದಳು. ನನಗೆ ತುಳು ಬಾರದು. ಆದರೂ ಅಷ್ಟು ಸ್ಪಷ್ಟವಾದ ಮಾತನ್ನು ನಾನು ಯಾವ ಭಾಷೆಯಲ್ಲಿಯೂ ಕೇಳಿಲ್ಲ. ಮಗಳು ಅಲ್ಲಿ ಅಜ್ಜನ ಒಂದು ಚಪ್ಪಲಿಗೆ ಶ್ರದ್ಧೆಯಿಂದ ಮರಳು ತುಂಬುತ್ತಿದ್ದಳು.

ಅವಳನ್ನೆತ್ತಿಕೊಂಡು ಬಂದಾಗ ನನ್ನ ಬಾಯಲ್ಲಿ ಬಿರುನುಡಿ ಸಿದ್ಧವಾಗಿತ್ತು. ತಂದೆಯವರು ನನ್ನ ಮುಖ ನೋಡಿ, ತಪ್ಪಿಗೆ ಸಿಕ್ಕಿದ ವಿದ್ಯಾರ್ಥಿಯಂತೆ ಮೆಲ್ಲಗೆ ಕೇಳಿದರು: “ನಾನೇನಾದರೂ ತಪ್ಪು ಮಾಡಿದೆನೆ?”

ತಪ್ಪು ಮಾಡಿದವನು ನಾನು. ಅವರ ಮರೆವಿನ ಮಾತನ್ನು ವೈದ್ಯರೆದುರು ಆಡಿದ್ದೆ, ನೆರೆಯವರೆದುರು ಆಡಿದ್ದೆ. ನನ್ನ ಮನಸ್ಸಿನೆದುರು ಮಾತ್ರ ಒಪ್ಪಿಕೊಂಡಿರಲಿಲ್ಲ. ನನ್ನ ಕೈಹಿಡಿದು ಕಡಲು ತೋರಿಸಿದವರು ಈಗಲೂ ಕಾವಲಿಗೆ ನಿಲ್ಲಬಲ್ಲರೆಂದು ನಂಬುವುದು ನನಗೆ ಬೇಕಾಗಿತ್ತು. ಆ ಆಸೆಗೆ ಮಗಳನ್ನು ಒತ್ತೆಯಿಟ್ಟಿದ್ದೆ. “ಇಲ್ಲ ಅಣ್ಣ, ಏನೂ ಇಲ್ಲ” ಎಂದೆ. ಮತ್ತೊಂದು ಕೈಯಿಂದ ಅವರ ಕೈಯನ್ನೂ ಹಿಡಿದುಕೊಂಡೆ. ಮುಂದೆ ದಿನವಿಡೀ ಎರಡನ್ನೂ ಬಿಡಲಿಲ್ಲ.

ನನ್ನಾಕೆ ಬಂದಮೇಲೆ ಎಲ್ಲವನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ದ್ವೀಪಕ್ಕೆ ಹೋಗೋಣ. ಹೀಗೆಯೇ ಮನೆಗೆ ಮರಳುವುದು ಬೇಡ” ಎಂದಳು.

ಸೇಂಟ್ ಮೇರೀಸ್ ದ್ವೀಪದಲ್ಲಿ ಕಾಲಿಗೆ ತಾಗುವುದು ಮರಳಿಗಿಂತ ಹೆಚ್ಚಾಗಿ ಕಪ್ಪೆಚಿಪ್ಪು. ಅದರಾಚೆ ಪೆನ್ಸಿಲುಗಳನ್ನು ಕಟ್ಟುಕಟ್ಟಾಗಿ ನಿಲ್ಲಿಸಿದಂತೆ ಕಲ್ಲಿನ ಕಂಬಗಳು. ಅವನ್ನು ಕಂಡೊಡನೆ ತಂದೆಯವರ ಬೆನ್ನು ನೆಟ್ಟಗಾಯಿತು. ತರಗತಿಯ ದನಿ ಮರಳಿತು. “ಇದು ಯಾರೂ ಕಡೆದದ್ದಲ್ಲ. ಕುದಿಯುವ ಲಾವಾರಸ ತಣಿಯುತ್ತ ಕುಗ್ಗಿದಾಗ ಬಿರುಕುಬಿಟ್ಟು ಹೀಗೆ ಐದಾರು ಮೂಲೆಯ ಕಂಬಗಳಾದವು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ.” 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದು ಶಿಲುಬೆ ನೆಟ್ಟನೆಂಬ ಪ್ರತೀತಿಯನ್ನೂ ಹೇಳಿದರು. ಒಂದು ಇಸವಿಯೂ ತಪ್ಪಲಿಲ್ಲ. ಶಿಷ್ಯೆಯು ಪಾಠದುದ್ದಕ್ಕೂ ಅವರ ಅಂಗಿಯ ಜೇಬಿಗೆ ಚಿಪ್ಪುಗಳನ್ನು ತುಂಬುತ್ತಿದ್ದಳು.

ಪಾಠ ಮುಗಿಸಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, “ಪುಟ್ಟಣ್ಣ, ನೀನು ಕಡಲನ್ನು ತುಂಬಿಸಹೊರಟೆಯಲ್ಲ” ಎಂದು ಮೊದಲುಮಾಡಿದರು. ಪುಟ್ಟಣ್ಣ ಎಂಬುದು ನನ್ನ ಮನೆಯ ಹೆಸರು. ನಾನು ತಿದ್ದಲಿಲ್ಲ. ಮರಳಿನ ಕಥೆ ಎಂದಿನಂತೆಯೇ ಬಂದಿತು, ಕೊನೆಯಲ್ಲಿ ಮಾತ್ರ ನಾನು ಕೇಳದ ಒಂದು ಮಾತು ಸೇರಿತು: “ನೀನು ಅಳುವುದನ್ನು ನೋಡಲಾರದೆ ನಿನ್ನ ತಾಯಿಯೂ ಸೆರಗಿನಲ್ಲಿ ಮರಳು ತಂದು ಸುರಿದಳು.” ಮೂವತ್ತು ನಲವತ್ತು ವರ್ಷ ಅವರು ಇದನ್ನು ಏಕೆ ಹೇಳಿರಲಿಲ್ಲವೋ! ಆ ಹೊತ್ತು ನಾನು ಮುಖ ತಿರುಗಿಸಿ ಕಡಲನ್ನು ನೋಡಬೇಕಾಯಿತು.

ಮನೆಗೆ ಬಂದ ಮರುದಿನ ತಂದೆಯವರು ಜೇಬಿನ ಚಿಪ್ಪುಗಳನ್ನು ಮೇಜಿನ ಮೇಲಿರಿಸಿ, “ಇವೆಲ್ಲಿಂದ ಬಂದವು?” ಎಂದರು. ನಾನು ಮಗಳನ್ನೂ ಕರೆದು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ: ಮೀನು, ಇರುವೆ, ಬಿಸ್ಕತ್ತು ತಿಂದ ಕಡಲು, ದೋಣಿಯ ಮರೆಯ ತಾಯಿ. ಅವಳು ತಿನ್ನದೆ ಉಳಿಸಿದ ಪಟ್ಟಿಯ ಬೆನ್ನಿಗೆ ಇವನ್ನೆಲ್ಲ ಬರೆದಿಟ್ಟಿದ್ದೇನೆ. ಅವಳು ಓದಲು ಕಲಿಯುವವರೆಗೆ ಹೇಳುತ್ತಿರುವುದು ನನ್ನ ಕೆಲಸ. ಈಗ ಸಂಜೆಯಾದರೆ ಇಬ್ಬರೂ ಬಂದು ಕುಳಿತುಕೊಳ್ಳುತ್ತಾರೆ. ಮುಗಿದೊಡನೆ ಮಗಳು ಇನ್ನೊಮ್ಮೆ ಹೇಳೆನ್ನುತ್ತಾಳೆ, ತಂದೆಯವರು ಮೊದಲ ಸಲ ಕೇಳಿದವರಂತೆ, “ಆಮೇಲೆ ಮಗು ಸಿಕ್ಕಿತೆ?” ಎನ್ನುತ್ತಾರೆ.

“ಸಿಕ್ಕಿತು, ಅಣ್ಣ” ಎನ್ನುತ್ತೇನೆ.