ರಾಜ್ಯಶಾಸ್ತ್ರದ ಸಂದರ್ಭವಿಧಾನ ಮತ್ತು ಅನುಭವ ಮಂಟಪ

ಅನುಭವ ಮಂಟಪವು ಜಗತ್ತಿನ ಮೊದಲ ಸಂಸತ್ತು ಎಂಬ ಮಾತು ಸಭೆ ಸಮಾರಂಭಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಶರಣರ ಮೇಲಿನ ಗೌರವದಿಂದಲೇ ಹುಟ್ಟಿದ ಮಾತಿದು. ಆದರೆ ಹನ್ನೆರಡನೆಯ ಶತಮಾನದ ಗೋಷ್ಠಿಯೊಂದಕ್ಕೆ ನಮ್ಮ ಕಾಲದ ಹೆಸರನ್ನಿಡುವಾಗ ಪಡೆಯುವುದೇನು, ಕಳೆದುಕೊಳ್ಳುವುದೇನು? ಹಳೆಯ ರಾಜಕೀಯ ಗ್ರಂಥಗಳನ್ನು ಓದುವ ಬಗೆಯನ್ನು ಕುರಿತು ರಾಜ್ಯಶಾಸ್ತ್ರಜ್ಞರಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ನಡೆದಿರುವ ಚರ್ಚೆಯು ಇಲ್ಲಿ ನೆರವಿಗೆ ಬರುತ್ತದೆ.

ಜಾನ್ ಲಾಕ್‌ನ ‘ಸರ್ಕಾರವನ್ನು ಕುರಿತ ಎರಡು ಪ್ರಬಂಧಗಳು’ ಅಚ್ಚಾದದ್ದು 1689ರಲ್ಲಿ. ಹಿಂದಿನ ವರ್ಷ ಇಂಗ್ಲೆಂಡಿನಲ್ಲಿ ನಡೆದ ಕ್ರಾಂತಿಯ ಸಮರ್ಥನೆಗಾಗಿಯೇ ಅದು ರಚಿತವಾಯಿತೆಂದು ಬಹುಕಾಲ ನಂಬಲಾಗಿತ್ತು. ಕೇಂಬ್ರಿಜ್‌ನ ಪೀಟರ್ ಲಾಸ್ಲೆಟ್ 1960ರಲ್ಲಿ ಆ ಗ್ರಂಥವನ್ನು ಪರಿಷ್ಕರಿಸಿ, ಅದರ ಬಹುಭಾಗವು ಕ್ರಾಂತಿಗೆ ಹಲವು ವರ್ಷ ಮೊದಲೇ, 1679-81ರ ಸುಮಾರಿನಲ್ಲಿ, ಬರೆಯಲ್ಪಟ್ಟಿತ್ತೆಂದು ವಾದಿಸಿದರು. ಪಠ್ಯದ ಅಕ್ಷರಗಳು ಬದಲಾಗಲಿಲ್ಲ. ಅರ್ಥ ಮಾತ್ರ ಬದಲಾಯಿತು. ನಡೆದುಹೋದ ಕ್ರಾಂತಿಯ ಸಮರ್ಥನೆಯಾಗಿದ್ದದ್ದು ನಡೆಯಬೇಕಾದ ಕ್ರಾಂತಿಯ ಕರೆಯಾಯಿತು. ಕಾಲನಿರ್ಣಯವು ಕೇವಲ ಪಂಡಿತರ ಹವ್ಯಾಸವೆಂದು ಬಗೆಯುವವರು ಇದನ್ನು ಗಮನಿಸಬೇಕು.

ಈ ಮಾರ್ಗವನ್ನು ಸಿದ್ಧಾಂತದ ಮಟ್ಟಕ್ಕೇರಿಸಿದವರು ಕ್ವೆಂಟಿನ್ ಸ್ಕಿನ್ನರ್. 1969ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಅವರು, ನಂತರದ ಕಾಲದ ಪರಿಕಲ್ಪನೆಗಳನ್ನು ಹಿಂದಿನವರ ಬಾಯಲ್ಲಿಡುವ ದೋಷವನ್ನು ಎತ್ತಿ ತೋರಿದರು. 1324ರಲ್ಲಿ ಗ್ರಂಥ ರಚಿಸಿದ ಮಾರ್ಸಿಲಿಯಸ್‌ನಲ್ಲಿ, ಶತಮಾನಗಳ ಅನಂತರ ರೂಪುಗೊಂಡ ಅಧಿಕಾರವಿಭಜನೆಯ ತತ್ತ್ವವನ್ನು ವಿದ್ವಾಂಸರು ಹುಡುಕಿದ್ದು ಅವರು ಕೊಟ್ಟ ಒಂದು ಉದಾಹರಣೆ. ಗ್ರಂಥಕಾರನು ಏನು ಹೇಳಿದನೆಂಬುದಷ್ಟೇ ಸಾಲದು. ಹಾಗೆ ಹೇಳುವ ಮೂಲಕ ಆತನು ಏನು ಮಾಡುತ್ತಿದ್ದನು, ಯಾರಿಗೆ ಉತ್ತರ ಕೊಡುತ್ತಿದ್ದನು ಎಂಬುದೂ ತಿಳಿಯಬೇಕು. ನುಡಿಯೂ ಒಂದು ಕ್ರಿಯೆಯೆಂಬ ಈ ನಿಲುವು ಆಸ್ಟಿನ್ ಎಂಬ ತತ್ತ್ವಜ್ಞನಿಂದ ಬಂದುದು. ನಡೆನುಡಿಗಳ ಸಂಬಂಧವನ್ನು ಸದಾ ಚಿಂತಿಸಿದ ವಚನಗಳ ಓದುಗರಿಗೆ ಇದು ತೀರ ಅಪರಿಚಿತವೆನಿಸದು.

ಈ ವಿಧಾನವನ್ನು ಅನುಭವ ಮಂಟಪಕ್ಕೆ ಅನ್ವಯಿಸಿದರೆ ಸಂಸತ್ತೆಂಬ ಹೆಸರು ನಿಲ್ಲುವುದು ಕಷ್ಟ. ಅಲ್ಲಿ ಚುನಾವಣೆಯಿಲ್ಲ, ಬಹುಮತದ ಎಣಿಕೆಯಿಲ್ಲ. ರಾಜ್ಯದ ಶಾಸನಾಧಿಕಾರವಿದ್ದುದು ಬಿಜ್ಜಳನಲ್ಲಿ. ಬಸವಣ್ಣನವರು ಆತನ ಭಂಡಾರಿಗಳು. ಇದಕ್ಕಿಂತ ಆಳವಾದ ಭೇದ ಇನ್ನೊಂದಿದೆ. ಸಂಸತ್ತಿನ ಸದಸ್ಯನು ಅನ್ಯರ ಪರವಾಗಿ ಮಾತನಾಡುತ್ತಾನೆ. ಆಯ್ದಕ್ಕಿ ಲಕ್ಕಮ್ಮನಾಗಲಿ ಅಂಬಿಗರ ಚೌಡಯ್ಯನಾಗಲಿ ಯಾರ ಪ್ರತಿನಿಧಿಗಳೂ ಅಲ್ಲ. ಅನುಭಾವವನ್ನು ಮತ್ತೊಬ್ಬರಿಗೆ ವಹಿಸಿಕೊಡಲು ಬರುವುದಿಲ್ಲ. ಜಾತಿ ಲಿಂಗಗಳು ಮಾತಿನ ಅರ್ಹತೆಯನ್ನು ನಿರ್ಣಯಿಸುತ್ತಿದ್ದ ಸಮಾಜದಲ್ಲಿ ಕಾಯಕಜೀವಿಯು ತನ್ನ ಅನುಭವವನ್ನೇ ಪ್ರಮಾಣವಾಗಿಟ್ಟು ನುಡಿದದ್ದು, ಗುರುಸ್ಥಾನದಲ್ಲಿದ್ದವರನ್ನೂ ಪ್ರಶ್ನಿಸಿದ್ದು, ಆ ಕಾಲದ ನಿಜವಾದ ರಾಜಕೀಯ ಕ್ರಿಯೆ. ಸಂಸತ್ತೆಂಬ ಹಣೆಪಟ್ಟಿಯ ಕೆಳಗೆ ಮರೆಯಾಗುವುದು ಇದೇ. 1265ರಲ್ಲಿ ಸೈಮನ್ ಡಿ ಮಾಂಟ್‌ಫೋರ್ಟ್ ಕರೆದ ಇಂಗ್ಲಿಷ್ ಸಭೆಗಿಂತ ಶತಮಾನ ಮೊದಲಿನದೆಂದು ಹೇಳಿ ಹಿಗ್ಗುವವರು, ಅರಿಯದೆಯೇ, ಶರಣರನ್ನು ಪರರ ಅಳತೆಗೋಲಿನಿಂದ ಅಳೆಯುತ್ತಾರೆ.

ಸ್ಕಿನ್ನರರ ವಿಧಾನಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಗ್ರಂಥವನ್ನು ಅದರ ಕಾಲಕ್ಕೇ ಕಟ್ಟಿಹಾಕಿದರೆ ಇಂದಿನವರಿಗೆ ಅದರಿಂದ ಏನು ಪ್ರಯೋಜನವೆಂಬುದು ಮುಖ್ಯವಾದದ್ದು. ಭಕ್ತರಿಗೆ ಈ ಆಕ್ಷೇಪ ಸಹಜವಾಗಿಯೇ ಹಿಡಿಸುತ್ತದೆ. ವಚನಗಳು ಪಾರಾಯಣದಲ್ಲಿ ಬದುಕಿವೆಯೇ ಹೊರತು ಕೇವಲ ಇತಿಹಾಸದಲ್ಲಿ ಅಲ್ಲ. ಆದರೆ ಸ್ಕಿನ್ನರರೇ 1998ರ ತಮ್ಮ ಕೃತಿಯಲ್ಲಿ, ಮರೆತುಹೋಗಿದ್ದ ಸ್ವಾತಂತ್ರ್ಯದ ಕಲ್ಪನೆಯೊಂದನ್ನು ಹಳೆಯ ಪಠ್ಯಗಳಿಂದ ಹೊರತೆಗೆದರು: ಯಜಮಾನನು ದಯಾಳುವಾಗಿದ್ದರೂ ಅವನ ಇಚ್ಛೆಗೆ ಅಧೀನನಾದವನು ಸ್ವತಂತ್ರನಲ್ಲ. ಹಿಂದಿನವರು ನಮ್ಮಂತೆ ಇರಲಿಲ್ಲವಾದ್ದರಿಂದಲೇ ಈ ವಿಚಾರ ದೊರಕಿತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸವಿದೆ. ರಾಜ್ಯ ಸರ್ಕಾರವು 1993ರಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ಹದಿನೈದು ಕೈಯಲ್ಲಿವೆ. ಮಂಟಪದ ವಿಸ್ತಾರವಾದ ಚಿತ್ರ ದೊರೆಯುವುದಾದರೋ ಶೂನ್ಯಸಂಪಾದನೆಯಲ್ಲಿ. ಅದರ ನಾಲ್ಕು ಪರಿಷ್ಕರಣಗಳು ಶರಣರಿಗೆ ಸುಮಾರು ಮೂರು ಶತಮಾನಗಳ ಅನಂತರ, ವಿಜಯನಗರದ ಕಾಲದಲ್ಲಿ ಸಿದ್ಧವಾದವು. ಬಿಡಿ ವಚನಗಳನ್ನು ಸಂವಾದವಾಗಿ ಪೋಣಿಸಿ, ಅಲ್ಲಮಪ್ರಭುವನ್ನು ಶೂನ್ಯಸಿಂಹಾಸನದ ಮೇಲೆ ಕುಳ್ಳಿರಿಸಿದ ಆ ಸಂಪಾದಕರು ತಮ್ಮ ಕಾಲದ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು? ಲಾಸ್ಲೆಟ್ ಲಾಕ್‌ನಿಗೆ ಹಾಕಿದ ಪ್ರಶ್ನೆಯನ್ನು ಮೊದಲು ಕೇಳಬೇಕಾದದ್ದು ಶಿವಗಣಪ್ರಸಾದಿ ಮಹಾದೇವಯ್ಯನನ್ನು.