ವರ್ಷದ ಗಳಿಕೆಗೆ ನಾಲ್ಕೈದು ತಿಂಗಳು: ಹಂಪಿಯ ಗೈಡುಗಳ ಕಸುಬು

ಡಿಸೆಂಬರ್ ಬಂತೆಂದರೆ ಬಳಿಚಕ್ರ, ಸೈದಾಪುರ, ಯರಗೋಳದ ಕಡೆಯ ಶಾಲೆಗಳಲ್ಲಿ ಪಾಠ ಹಿಂದೆ ಸರಿದು ಟೂರಿನ ಮಾತು ಮುಂದೆ ಬರುತ್ತದೆ. ಯಾರ ಮನೆಯಲ್ಲಿ ರೊಕ್ಕ ಕೊಟ್ಟರು, ಯಾರ ಮನೆಯಲ್ಲಿ ಹತ್ತಿ ಇನ್ನೂ ಮಾರಿಲ್ಲ ಎಂಬ ಲೆಕ್ಕ ಮುಗಿಯುವಷ್ಟರಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಒಪ್ಪಂದದ ಮೇಲೆ ಗೊತ್ತಾಗಿರುತ್ತದೆ. ಎಲ್ಲಿಗೆ ಎಂದು ಕೇಳುವ ಅಗತ್ಯವೇ ಇಲ್ಲ. ಟೂರಿನಲ್ಲಿ ಉಳಿದ ಊರುಗಳು ಬದಲಾಗಬಹುದು, ಹಂಪಿ ಮಾತ್ರ ತಪ್ಪುವುದಿಲ್ಲ.

ಬಸ್ಸು ಹಂಪಿಯಲ್ಲಿ ನಿಂತ ಕೂಡಲೇ ಕೊರಳಲ್ಲಿ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ತೂಗುಬಿಟ್ಟುಕೊಂಡ ಒಬ್ಬರು ಬಾಗಿಲ ಬಳಿ ಬರುತ್ತಾರೆ. ‘ಗೈಡ್ ಬೇಕೇನ್ರಿ ಸರ್?’ ನಮ್ಮ ಕಡೆಯ ಮಾಸ್ತರರ ಉತ್ತರ ಹೆಚ್ಚುಕಡಿಮೆ ಸಿದ್ಧವಾಗಿಯೇ ಇರುತ್ತದೆ. ‘ಬ್ಯಾಡ್ರಿ, ನಮಗೆಲ್ಲಾ ಗೊತ್ತದ.’ ಗೊತ್ತಿರುವುದು ನಾಲ್ಕನೇ ಇಯತ್ತೆಯಿಂದ ಬಾಯಿಪಾಠವಾದ ಒಂದೇ ಮಾತು, ಮುತ್ತುರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರಂತೆ ಎಂಬುದು. ಗೈಡು ಬೇಸರಪಟ್ಟುಕೊಳ್ಳದೆ ಮುಂದಿನ ಬಸ್ಸಿನ ಕಡೆ ನಡೆಯುತ್ತಾರೆ. ಬೇಡ ಅನ್ನಿಸಿಕೊಳ್ಳುವುದು ಈ ಕಸುಬಿನ ಮೊದಲ ಪಾಠ.

ಹಂಪಿಯ ಗೈಡುಗಳಿಗೆ ಸೀಜನ್ ಅಂದರೆ ಅಕ್ಟೋಬರ್‌ನಿಂದ ಫೆಬ್ರುವರಿ. ಮಾರ್ಚ್ ದಾಟಿದರೆ ಬಂಡೆಗಳು ಕಾದು ಮಧ್ಯಾಹ್ನ ಕಾಲಿಡಲಾಗದು. ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟರೆ ಪುರಂದರ ಮಂಟಪ ಮುಳುಗುತ್ತದೆ, ಹರಿಗೋಲು ನಿಲ್ಲುತ್ತದೆ. ಉಳಿದ ತಿಂಗಳುಗಳಲ್ಲಿ ಗೈಡುಗಳಲ್ಲಿ ಕೆಲವರು ಬಾಳೆ, ಭತ್ತದ ಗದ್ದೆಗಿಳಿಯುತ್ತಾರೆ, ಕೆಲವರು ಆಟೊ ಓಡಿಸುತ್ತಾರೆ. ಗದ್ದೆಯ ಸುಗ್ಗಿಯಂತೆ ಇಲ್ಲೂ ಬೆಳೆ ಕೈಕೊಡುವುದುಂಟು. ಕೊರೊನಾದಿಂದಾಗಿ 2020ರ ಮಾರ್ಚಿನಲ್ಲಿ ಸ್ಮಾರಕಗಳ ಬಾಗಿಲು ಮುಚ್ಚಿದವು. ಜುಲೈನಲ್ಲಿ ತೆರೆದರೂ ಪ್ರವಾಸಿ ವೀಸಾ ಮತ್ತೆ ಶುರುವಾಗಲು 2021ರ ಕೊನೆಯವರೆಗೆ ಕಾಯಬೇಕಾಯಿತು. ಕೇಂದ್ರ ಸರ್ಕಾರ ಪರವಾನಗಿ ಇರುವ ಗೈಡುಗಳಿಗೆ ಒಂದು ಲಕ್ಷ ರೂಪಾಯಿಯವರೆಗೆ ಸಾಲ ಪ್ರಕಟಿಸಿತು. ಗಿರಾಕಿಯೇ ಇಲ್ಲದವನಿಗೆ ಸಾಲ ಕೊಡುವುದು ಎಂಥ ನೆರವೋ, ನನಗಂತೂ ತಿಳಿಯಲಿಲ್ಲ.

ಗೈಡ್ ಅಂದರೆ ಇಸವಿಗಳನ್ನು ಗಿಳಿಪಾಠ ಒಪ್ಪಿಸುವವನು ಎಂದೇ ನಮ್ಮಲ್ಲಿ ಹಲವರ ತಿಳಿವಳಿಕೆ. ಒಂದು ದಿನ ಒಬ್ಬ ಒಳ್ಳೆಯ ಗೈಡಿನ ಹಿಂದೆ ಸುಮ್ಮನೆ ನಡೆದು ನೋಡಿ. ಇಸವಿ ಎಲ್ಲರಿಗೂ ಒಂದೇ, ಕಥೆ ಮಾತ್ರ ಆಳು ನೋಡಿ ಬದಲಾಗುತ್ತದೆ. ತೆಲುಗಿನವರು ಬಂದರೆ ಆಮುಕ್ತಮಾಲ್ಯದ ಬರೆದ ರಾಯರೂ ತೆನಾಲಿ ರಾಮಕೃಷ್ಣನೂ ಮುಂದೆ ಬರುತ್ತಾರೆ. ಇಟಲಿಯವರು ಬಂದರೆ, ಈ ಊರು ರೋಮಿನಷ್ಟು ದೊಡ್ಡದಾಗಿ ಕಂಡಿತೆಂದು 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿಟ್ಟ ಮಾತು. ಬಂಗಾಳಿಗಳ ಕಥೆ ಇನ್ನೂ ಸ್ವಾರಸ್ಯ. ಶರದಿಂದು ಬಂದ್ಯೋಪಾಧ್ಯಾಯ ಅವರು ವಿಜಯನಗರದ ಎರಡನೇ ದೇವರಾಯನ ಕಾಲವನ್ನಿಟ್ಟುಕೊಂಡು 1965ರಲ್ಲಿ ತಂದ ‘ತುಂಗಭದ್ರಾರ್ ತೀರೆ’ ಕಾದಂಬರಿಯನ್ನು ಓದಿಕೊಂಡು ಬಂದವರು ಅವರಲ್ಲಿ ಇರುತ್ತಾರೆ. ಅವರ ಮುಂದೆ ಕೃಷ್ಣದೇವರಾಯನಿಂದ ಮಾತು ಶುರು ಮಾಡಿದ ಗೈಡು ಅರ್ಧ ಸೋತಂತೆ. ಬೆಂಗಳೂರಿನ ಹಿರಿಯರಿಗೆ 1977ರ ‘ಬಭ್ರುವಾಹನ’ ಸಿನಿಮಾದ ಹಾಡು ಎಲ್ಲಿ ಚಿತ್ರೀಕರಣವಾಯಿತು ಎಂಬುದೇ ಮುಖ್ಯ. ಯಾರಿಗೆ ಯಾವ ಬಾಗಿಲು ತೆರೆಯಬೇಕೆಂದು ಮೊದಲ ಹತ್ತು ನಿಮಿಷದಲ್ಲೇ ಅಳೆಯಬೇಕು.

ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಈ ಅಳತೆಗೆ ನಿಜವಾದ ಪರೀಕ್ಷೆ. 2017ರಲ್ಲಿ ಬಂದ ಹೊಸ ಐವತ್ತರ ನೋಟಿನಲ್ಲಿ ಈ ರಥ ಅಚ್ಚಾದ ಮೇಲೆ, ನೋಟು ಹಿಡಿದು ಫೋಟೊ ತೆಗೆಸಿಕೊಳ್ಳದೆ ಹೋಗುವವರು ಕಡಿಮೆ. ಎಲ್ಲರ ಫೋನೂ ಗೈಡಿನ ಕೈಗೇ ಬರುತ್ತದೆ. ಹಾಗಾಗಿ ಇತಿಹಾಸದ ಜೊತೆಗೆ ಛಾಯಾಗ್ರಹಣವೂ ಗೊತ್ತಿರಬೇಕು. ಜನ ನೋಟನ್ನೂ ರಥವನ್ನೂ ಹೋಲಿಸಿ ನೋಡುತ್ತಿರುವಾಗ ತಿಳಿದ ಗೈಡು ಒಂದು ಹಳೆಯ ಚಿತ್ರ ತೋರಿಸುತ್ತಾರೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಆ ಫೋಟೊದಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ. ಈಗ ಅದಿಲ್ಲ. ಅಲ್ಲಿಯತನಕ ಸೆಲ್ಫಿಯಲ್ಲಿ ಮುಳುಗಿದ್ದ ಹುಡುಗರು ಆಗ ತಲೆ ಎತ್ತಿ ರಥವನ್ನು ನಿಜವಾಗಿ ನೋಡುತ್ತಾರೆ. ಜೋರು ದನಿಯಲ್ಲಿ ಹತ್ತು ಸಲ ಕೂಗಿದರೂ ಆಗದ ಕೆಲಸ ಒಂದು ಚಿತ್ರದಿಂದ ಆಗುತ್ತದೆ.

ಪಕ್ಕದಲ್ಲೇ ಐವತ್ತಾರು ಸಂಗೀತ ಸ್ತಂಭಗಳ ಮಂಟಪ. ಬಂದವರಿಗೆಲ್ಲ ಬಡಿದು ನೋಡುವ ಆಸೆ, ಬಡಿಯುವುದಕ್ಕೆ ನಿಷೇಧ. ಹಿಂದೆ ಗೈಡುಗಳೇ ಬಾರಿಸಿ ತೋರಿಸುತ್ತಿದ್ದ ಕಾಲವೂ ಇತ್ತು. ಈಗ ‘ಮುಟ್ಟಬ್ಯಾಡ್ರಿ’ ಎನ್ನುವುದೇ ಅವರ ಪಾಲಿಗೆ ಬಂದಿದೆ. ರೊಕ್ಕ ಕೊಟ್ಟು ಕರೆದುಕೊಂಡವರಿಗೇ ಬೇಡ ಎನ್ನಬೇಕಾದ ಕಸುಬು ಇನ್ನೆಷ್ಟಿವೆಯೋ! ಗದರಿದರೆ ಗಿರಾಕಿಗೆ ಸಿಟ್ಟು, ಸುಮ್ಮನಿದ್ದರೆ ಕಲ್ಲಿಗೆ ಪೆಟ್ಟು. ಅನುಭವಸ್ಥರು ಕಾನೂನಿನ ಬದಲು 2019ರ ಪ್ರಕರಣ ಹೇಳುತ್ತಾರೆ. ಕೆಲವು ಯುವಕರು ಹಂಪಿಯಲ್ಲಿ ಕಂಬ ಉರುಳಿಸಿದ ವಿಡಿಯೊ ಆ ವರ್ಷ ಊರೆಲ್ಲ ಹರಿದಾಡಿತು. ಹೊಸಪೇಟೆಯ ನ್ಯಾಯಾಲಯ ತಲಾ ಎಪ್ಪತ್ತು ಸಾವಿರ ರೂಪಾಯಿ ದಂಡ ಹಾಕಿದ್ದಲ್ಲದೆ, ಬೀಳಿಸಿದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸುವಂತೆ ಮಾಡಿತು. ಇದನ್ನು ಕೇಳಿದ ಹುಡುಗರು ಕೈಯನ್ನು ಜೇಬಿಗೆ ಇಳಿಸುತ್ತಾರೆ.

ಕಂಬಕ್ಕಿಂತ ನಾಜೂಕಾದ ಪ್ರಶ್ನೆಯೊಂದು ದಿನಕ್ಕೊಮ್ಮೆಯಾದರೂ ಬರುತ್ತದೆ. ‘ಇದನ್ನೆಲ್ಲ ಒಡೆದವರು ಯಾರು?’ ಕೇಳುವವರ ದನಿಯಲ್ಲೇ ಅವರಿಗೆ ಬೇಕಾದ ಉತ್ತರ ಇರುತ್ತದೆ. ವಿಜಯನಗರ ಸೋತ 1565ರ ಯುದ್ಧ ನಡೆದದ್ದು ನಮ್ಮ ಸುರಪುರದ ಪಕ್ಕದ ಸೀಮೆಯಲ್ಲಿ, ತಾಳಿಕೋಟೆಯ ಕಡೆ. ಆ ಊರಿನ ಹೆಸರು ಬಂದಾಗ ನಮ್ಮ ಮಕ್ಕಳು ‘ಅದು ನಮ್ ಬಾಜೂಕೇ ಅದರಿ’ ಎಂದು ಕೂಗುವುದೂ ಉಂಟು. ಬಿಸಿಯೇರಿಸಿ ಚಪ್ಪಾಳೆ ಗಿಟ್ಟಿಸುವ ಗೈಡುಗಳಿಲ್ಲವೆಂದಲ್ಲ. ಹದವರಿತವರು ಮಾತ್ರ ಸೋಲನ್ನೂ ಲೂಟಿಯನ್ನೂ ಮುಚ್ಚಿಡದೆ ಹೇಳಿ, ಅದರ ಜೊತೆಗೆ ಇನ್ನೆರಡು ಸಂಗತಿ ಸೇರಿಸುತ್ತಾರೆ. ಒಂದು, ಎರಡನೇ ದೇವರಾಯನ ಸೈನ್ಯದ ಅಹ್ಮದ್ ಖಾನ್ 1439ರಲ್ಲಿ ಇದೇ ಊರಲ್ಲಿ ಕಟ್ಟಿಸಿದ ಮಸೀದಿ. ಅಲ್ಲಿನ ಶಾಸನ ಅದನ್ನು ಧರ್ಮಸಾಲೆ ಎಂದೇ ಕರೆಯುತ್ತದೆ. ಇನ್ನೊಂದು, ಯುದ್ಧದಲ್ಲಿ ಎದುರು ನಿಂತ ಬಿಜಾಪುರದ ಅಲಿ ಆದಿಲ್‌ಶಾಹಿಯನ್ನು ವಿಜಯನಗರದ ರಾಮರಾಯ ಹಿಂದೊಮ್ಮೆ ಮಗನೆಂದು ಕರೆದಿದ್ದ. ಗಿರೀಶ ಕಾರ್ನಾಡರು ‘ರಾಕ್ಷಸ ತಂಗಡಿ’ ನಾಟಕದಲ್ಲಿ ಹಿಡಿದದ್ದೂ ಇದೇ ಸಿಕ್ಕಿನ ಎಳೆಗಳನ್ನು. ಎರಡು ನಿಮಿಷ ನಿಂತು ಇಷ್ಟನ್ನು ಹೇಳುವ ಗೈಡಿಗೆ ನಾನು ಅರ್ಧ ದಿನದ ಸಂಬಳ ಹೆಚ್ಚಿಗೆ ಕೊಡಬೇಕೆನ್ನುವವನು.

ವಿರೂಪಾಕ್ಷ ದೇವಸ್ಥಾನದ ಎದುರಿನ ಬಜಾರಿನಲ್ಲಿ ಬರುವ ಪ್ರಶ್ನೆಗೆ ಉತ್ತರಿಸುವುದು ಬೇರೆ ಥರದ ಕಷ್ಟ. ‘ಇಲ್ಲಿ ಜನ ಇರ್ತಿದ್ರಾ?’ ಐದುನೂರು ವರ್ಷದ ಹಿಂದಿನದನ್ನು ಕೇಳುತ್ತಾರೆ. ಆದರೆ ಈ ಸಾಲುಮಂಟಪಗಳಲ್ಲಿ 2011ರ ಜುಲೈವರೆಗೂ ಜನರಿದ್ದರು, ಅಂಗಡಿ ಹೋಟೆಲುಗಳಿದ್ದವು. ಸ್ಮಾರಕ ಉಳಿಸಲೆಂದು ತೆರವು ಮಾಡಿದಾಗ ಸಂಸಾರಗಳು ಗಂಟುಮೂಟೆ ಕಟ್ಟಿದವು, ಹಲವರು ಕಡ್ಡಿರಾಂಪುರದ ಕಡೆ ಹೋದರು. ಈ ಓಣಿಯಲ್ಲೇ ಆಡಿ ಬೆಳೆದವರೂ ಗೈಡು ಕಸುಬಿನಲ್ಲಿದ್ದಾರೆ. ಪಾಯಸ್ ಕಂಡ ಬಜಾರನ್ನು ಬಣ್ಣಿಸುತ್ತಾ ತಮ್ಮ ಮನೆಯಿದ್ದ ಜಾಗ ದಾಟುತ್ತಾರೆ. ಕೆಲವರು ಹೇಳುತ್ತಾರೆ, ಕೆಲವರು ಹೇಳುವುದಿಲ್ಲ.

ಕಮಿಷನ್ ವಿಷಯ ಬಿಟ್ಟರೆ ಲೇಖನ ಪೂರ್ತಿಯಾಗದು. ಅಂಗಡಿಗೆ, ಹೋಟೆಲಿಗೆ ಕರೆದೊಯ್ದು ಪಾಲು ಪಡೆಯುವುದು ಪ್ರವಾಸಿ ಊರುಗಳಲ್ಲೆಲ್ಲ ಇದ್ದದ್ದೇ. ಗುರುತಿನ ಚೀಟಿ ಕೇಳುವುದು, ದರ ಮೊದಲೇ ಮಾತಾಡಿಕೊಳ್ಳುವುದು, ಇಷ್ಟಾದರೆ ಮುಕ್ಕಾಲು ಜಗಳ ತಪ್ಪುತ್ತದೆ.

ಈಗ ನಮ್ಮ ಮಾಸ್ತರರ ಕಡೆಗೆ ಬರೋಣ. ವಿದೇಶಿಯರು ತರುವ ಗಳಿಕೆಯನ್ನು ಬಳಿಚಕ್ರದ ಬಸ್ಸು ತರಲಾರದು, ಅದು ಗೈಡಿಗೂ ಗೊತ್ತು. ಹಾಗಿದ್ದೂ ಮಕ್ಕಳ ಗುಂಪಿಗೆ ದರ ಇಳಿಸುವವರಿದ್ದಾರೆ. ಅದೇ ಕಲ್ಲಿನ ಬಗ್ಗೆ ಹೊಸ ಪ್ರಶ್ನೆ ಹುಟ್ಟುವುದು ಮಕ್ಕಳ ಬಾಯಲ್ಲೇ. ಆನೆ ಲಾಯದಲ್ಲಿ ಹನ್ನೊಂದು ಕೋಣೆ ಕಂಡು ‘ಹನ್ನೊಂದs ಆನಿ ಇದ್ವೇನ್ರಿ ಅಷ್ಟ್ ದೊಡ್ಡ ರಾಜಗ?’ ಎಂದು ಕೇಳುವ ಹುಡುಗನನ್ನು ಎದುರಿಸಲು ಗೈಡೇ ಬೇಕು, ಪಠ್ಯಪುಸ್ತಕ ಸಾಲದು.

ಈ ಸಲ ಹೋಗುವವರು ಕಮಲಾಪುರದ ವಸ್ತುಸಂಗ್ರಹಾಲಯದಿಂದ ಶುರು ಮಾಡಿ. ಅಲ್ಲಿ ಇಡೀ ಹಂಪಿಯ ಮಾದರಿ ಇದೆ. ಅದರ ಸುತ್ತ ಮಕ್ಕಳನ್ನು ನಿಲ್ಲಿಸಿದರೆ ಹೊಳೆ ಯಾವ ಕಡೆ, ಗುಡ್ಡ ಯಾವ ಕಡೆ ಎಂದು ಗೈಡಿಗೆ ಹೇಳುವುದು ಸುಲಭ. ಶುಕ್ರವಾರ ಅದಕ್ಕೆ ರಜೆ. ಹದಿನೈದರೊಳಗಿನವರಿಗೆ ಪುರಾತತ್ವ ಇಲಾಖೆಯ ಟಿಕೆಟಿಲ್ಲ. ದೊಡ್ಡವರ ಟಿಕೆಟನ್ನು ಎಸೆಯಬೇಡಿ, ವಿಠ್ಠಲ ದೇವಸ್ಥಾನಕ್ಕೂ ರಾಣಿವಾಸದ ಆವರಣಕ್ಕೂ ಅದೇ ದಿನ ಅದೇ ನಡೆಯುತ್ತದೆ. ವಿಠ್ಠಲ ದೇವಸ್ಥಾನಕ್ಕೆ ಸುಮಾರು ಒಂದು ಕಿಲೊಮೀಟರು ಬ್ಯಾಟರಿ ಗಾಡಿಯಲ್ಲಿ ಹೋಗಬೇಕು, ಅದನ್ನು ಓಡಿಸುವವರಲ್ಲಿ ಊರ ಹೆಣ್ಣುಮಕ್ಕಳಿದ್ದಾರೆ. ಗಾಡಿಯ ಸಾಲು ಬೆಳೆಯುವ ಮೊದಲು, ಬೆಳಿಗ್ಗೆಯೇ ಆ ಕಡೆ ಮುಗಿಸಿ. ಇನ್ನು ಬಸ್ಸಿನ ಬಾಗಿಲಲ್ಲಿ ‘ಗೈಡ್ ಬೇಕೇನ್ರಿ’ ಎಂದವರಿಗೆ ತಲೆ ಅಲ್ಲಾಡಿಸುವ ಮುಂಚೆ, ಮಕ್ಕಳಿಗೆ ಎಷ್ಟು ತಗೊಳ್ತೀರಿ ಎಂದಾದರೂ ಕೇಳಿ ನೋಡಿ.