ಘಟ್ಟದಾಚೆಗೆ ಅರ್ಜಿ ಕಳಿಸುವ ಕರಾವಳಿ

ಮುರ್ಡೇಶ್ವರ ಎಂಬ ಹೆಸರಿನ ಗ್ರಾಮ ಪಂಚಾಯಿತಿಯೇ ಇಲ್ಲ. ರೈಲು ನಿಲ್ದಾಣಕ್ಕೆ ಆ ಹೆಸರಿದೆ, 20 ಅಂತಸ್ತಿನ ರಾಜಗೋಪುರ ಎದ್ದ ಮೇಲಂತೂ ಊರು ದೇಶಕ್ಕೆಲ್ಲ ಗೊತ್ತು. ಆದರೆ ಇಲ್ಲಿಯವರು ಮನೆ ಕಂದಾಯ ಕಟ್ಟುವುದು ಮಾವಳ್ಳಿಗೆ. ಮಾವಳ್ಳಿ-1, ಮಾವಳ್ಳಿ-2 ಎಂದು ಪಂಚಾಯಿತಿ ಎರಡು. ಭಟ್ಕಳ ತಾಲೂಕಿನ ಹೋಬಳಿಗಳೂ ಎರಡೇ: ಮಾವಳ್ಳಿ, ಸೂಸಗಡಿ.

ತಾಲೂಕಿನ ಪಡುವಣಕ್ಕೆ ಅರಬ್ಬಿ ಸಮುದ್ರ, ಮೂಡಣಕ್ಕೆ ಘಟ್ಟ. ಘಟ್ಟ ಹತ್ತಿದರೆ ಸಾಗರ ತಾಲೂಕು. ಉತ್ತರಕ್ಕೆ ಹೊನ್ನಾವರ, ದಕ್ಷಿಣಕ್ಕೆ ಬೈಂದೂರು. ನಡುವೆ ಉಳಿದ ಅಗಲ ಕಿರಿದಾದ ನೆಲದಲ್ಲೇ ಗದ್ದೆ, ತೆಂಗಿನ ತೋಟ, ಹೆದ್ದಾರಿ, ಕೊಂಕಣ ರೈಲು ಎಲ್ಲಕ್ಕೂ ಜಾಗವಾಗಬೇಕು. ಮನೆಗಳು ಬಯಲುಸೀಮೆಯಂತೆ ಒತ್ತಾಗಿಲ್ಲ. ಕೇರಿ, ಮಜರೆ ಎಂದು ಹರಡಿಕೊಂಡಿವೆ. ನೀರಿನ ಪೈಪು ಗದ್ದೆ ದಾಟಿ, ಹಳ್ಳ ದಾಟಿ ಹೋಗಬೇಕು. ಕಡಲ ತೀರಕ್ಕಂತೂ ಒಡೆಯರು ಹಲವರು. ಮನೆ ಕಟ್ಟಲು ಕರಾವಳಿ ನಿಯಂತ್ರಣ ವಲಯದ ನಿಯಮ ಅಡ್ಡ ಬರುತ್ತದೆ, ಪ್ರವಾಸಿಗರ ವಿಷಯ ಪ್ರವಾಸೋದ್ಯಮ ಇಲಾಖೆಯದು, ದೋಣಿಯದು ಮೀನುಗಾರಿಕೆ ಇಲಾಖೆ. ಬೊಂಡದ ಸಿಪ್ಪೆ, ಪ್ಲಾಸ್ಟಿಕ್ ಬಾಟಲಿ ಮಾತ್ರ ತಕರಾರಿಲ್ಲದೆ ಪಂಚಾಯಿತಿಯ ಪಾಲು!

ಈ ಆಡಳಿತದ ಸೋಜಿಗ ತಿಳಿಯಬೇಕಾದರೆ ತಾಲೂಕಿನ ದಕ್ಷಿಣದ ಅಂಚಿಗೆ ಹೋಗಬೇಕು. ಗೊರಟೆ ದಾಟಿದರೆ ಉಡುಪಿ ಜಿಲ್ಲೆಯ ಶಿರೂರು. ಅದೇ ಮಣ್ಣು, ಅದೇ ಮೀನು. 1862ರಲ್ಲಿ ಬ್ರಿಟಿಷರು ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದಾಗ ಗಡಿ ಬಿದ್ದದ್ದು ಇಲ್ಲಿ. 1956ರವರೆಗೂ ಈಚೆಯವರಿಗೆ ಮುಂಬಯಿ ಸರ್ಕಾರ, ಆಚೆಯವರಿಗೆ ಮದ್ರಾಸ್ ಸರ್ಕಾರ.

ಏಕೀಕರಣವಾದರೂ ಗೆರೆ ಅಳಿಯಲಿಲ್ಲ. ಉತ್ತರ ಕನ್ನಡ ಇವತ್ತಿಗೂ ಬೆಳಗಾವಿ ವಿಭಾಗದಲ್ಲಿದೆ, ಉಡುಪಿ ಮೈಸೂರು ವಿಭಾಗದಲ್ಲಿ. ಇಲ್ಲಿ ಕರೆಂಟು ಹೋದರೆ ಬೈಸಿಕೊಳ್ಳುವುದು ಹುಬ್ಬಳ್ಳಿಯ ಹೆಸ್ಕಾಂ, ಅಲ್ಲಿ ಮಂಗಳೂರಿನ ಮೆಸ್ಕಾಂ. ಬಸ್ಸು ವಾಯವ್ಯ ಸಾರಿಗೆಯದು, ಅದರ ಕೇಂದ್ರ ಕಚೇರಿಯೂ ಹುಬ್ಬಳ್ಳಿಯೇ. ಹೈಕೋರ್ಟಿಗೆ ಧಾರವಾಡದ ಪೀಠ. ಅಷ್ಟರ ಮಟ್ಟಿಗೆ ಹತ್ತಿರವಿರುವುದು ಉಪವಿಭಾಗದ ಕಚೇರಿ: ಭಟ್ಕಳ, ಹೊನ್ನಾವರಕ್ಕೆ ಭಟ್ಕಳದಲ್ಲೇ ಉಪವಿಭಾಗಾಧಿಕಾರಿ (ಎ.ಸಿ.) ಇದ್ದಾರೆ, ಕುಮಟಾ, ಅಂಕೋಲೆಗೆ ಕುಮಟಾದಲ್ಲಿ.

ಹಳೆಯ ಮುಂಬಯಿ ಅಧ್ಯಾಯ ಬರೀ ಇತಿಹಾಸ ಎಂದುಕೊಳ್ಳುವಂತಿಲ್ಲ. ಕಾಡಂಚಿನ ಅತಿಕ್ರಮಣ ಸಕ್ರಮಕ್ಕೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ ಪರಿಶಿಷ್ಟ ಪಂಗಡದವರಲ್ಲದ ಕುಟುಂಬಗಳು, 2005ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ತಾವು ಅಲ್ಲಿದ್ದುದನ್ನು ತೋರಿಸಬೇಕು. ಲೆಕ್ಕ 1930ಕ್ಕೆ ಹೋಗುತ್ತದೆ. ಪಹಣಿಯೇ ಇಲ್ಲದ ಜಾಗದಲ್ಲಿ ಬೇಸಾಯ ಮಾಡಿದ ಅಜ್ಜನಿಗೆ ಮುಂಬಯಿ ಸರ್ಕಾರ ಕಾಗದ ಕೊಟ್ಟಿದ್ದೀತೆ? ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿ ಮೊದಲು ತಡಕಾಡುವುದು ಅದನ್ನೇ.

ಕಡತ ಘಟ್ಟ ಹತ್ತಿದರೂ ಜನ ಹೋಗುವುದು ತೆಂಕಕ್ಕೆ. ಭಟ್ಕಳದವರಿಗೆ ಜಿಲ್ಲಾಕೇಂದ್ರ ಕಾರವಾರಕ್ಕಿಂತ ಉಡುಪಿ ಹತ್ತಿರ. ಕಾಯಿಲೆ ಜೋರಾದರೆ ಕುಂದಾಪುರ, ಮಣಿಪಾಲವೇ ಗತಿ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಇದೇ ಶಿರೂರಿನ ಟೋಲ್ ಗೇಟಿನಲ್ಲಿ ಮಳೆಗೆ ಜಾರಿ ನಾಲ್ವರು ಸತ್ತರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಮೊದಲಿನ ಕೂಗು ಆಮೇಲೆ ಇನ್ನಷ್ಟು ಜೋರಾಯಿತು.